ಹುಳು ಹಸಿದೇ ಇದೆ, ತಟ್ಟೆಗೆ ಹಾಕುವುದೇನು?

ಕಾಂಪೋಸ್ಟ್ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಬೂದು ಬಣ್ಣದ ಚಪ್ಪಟೆ ಹುಳುಗಳು ಸಾವಿರಗಟ್ಟಲೆ ಗಿಜಿಗುಡುತ್ತಿದ್ದರೆ ಹೆಚ್ಚಿನವರು ಮೊದಲು ಮುಚ್ಚಳವನ್ನು ಪಟ್ಟನೆ ಮುಚ್ಚುತ್ತಾರೆ. ಆಮೇಲೆ ಬಿಸಿನೀರು ಸುರಿಯೋಣವೇ ಎಂದು ಯಾರನ್ನಾದರೂ ಕೇಳುತ್ತಾರೆ. ನಾನೂ ಹಾಗೆ ಮಾಡಿದವನೇ. ಸ್ವಲ್ಪ ಧೈರ್ಯ ಮಾಡಿ ಮತ್ತೆ ಮುಚ್ಚಳ ತೆಗೆದು ಕಿವಿಗೊಟ್ಟರೆ ಒಂದು ಸಣ್ಣ ಸದ್ದು ಕೇಳುತ್ತದೆ. ಒಣಗಿದ ಎಲೆಯ ಮೇಲೆ ತುಂತುರು ಮಳೆ ಬಿದ್ದ ಹಾಗೆ, ಸರಸರ. ಸಾವಿರಾರು ಪುಟ್ಟ ಬಾಯಿಗಳು ಒಟ್ಟಿಗೆ ತಿನ್ನುವ, ಸಾವಿರಾರು ಮೈಗಳು ಒಂದಕ್ಕೊಂದು ಉಜ್ಜಿಕೊಂಡು ಹೊರಳುವ ಸದ್ದು ಅದು.

ಇವು ಮನೆನೊಣದ ಹುಳುಗಳಲ್ಲ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅಂತ ಕರೆಯುತ್ತಾರಲ್ಲ, ಆ ಕಪ್ಪು ಸೈನಿಕ ನೊಣದ ಮರಿಗಳು. ವಿಜ್ಞಾನದ ಹೆಸರು ಹರ್ಮೀಶಿಯ ಇಲ್ಯುಸೆನ್ಸ್. 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ಮೂಲ ಅಮೆರಿಕ ಖಂಡಗಳಾದರೂ ಈಗ ಬೆಚ್ಚಗಿನ ಹವೆ ಇರುವ ಎಲ್ಲ ಕಡೆಯೂ ಇದೆ. ಬೆಳೆದ ನೊಣ ನೋಡಲು ಥೇಟ್ ಕಣಜದಂತೆ. ಸೊಂಟದ ಹತ್ತಿರ ಗಾಜಿನಂಥ ಎರಡು ಪಾರದರ್ಶಕ ಮಚ್ಚೆಗಳಿದ್ದು, ದೂರದಿಂದ ಕಣಜದ ಸಪೂರ ಸೊಂಟ ಇದ್ದ ಹಾಗೆ ಕಾಣುತ್ತದೆ. ಆದರೆ ಮುಳ್ಳಿಲ್ಲ, ಚುಚ್ಚುವುದಿಲ್ಲ, ಕಚ್ಚುವುದಿಲ್ಲ. ಬದುಕುವುದು ಒಂದೆರಡು ವಾರ. ಅಷ್ಟು ದಿನಕ್ಕೆ ಬೇಕಾದ ಕೊಬ್ಬನ್ನು ಮರಿಯಾಗಿದ್ದಾಗಲೇ ಮೈಯಲ್ಲಿ ಕೂಡಿಟ್ಟುಕೊಂಡಿರುವುದರಿಂದ ಊಟಕ್ಕಾಗಿ ನಮ್ಮ ತಟ್ಟೆಯ ಸುತ್ತ ಸುತ್ತುವ ಗರಜು ಅದಕ್ಕಿಲ್ಲ. ಮನೆನೊಣಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಈ ಮರಿಹುಳು ಈಗ ಒಂದು ಉದ್ಯಮವಾಗಿದೆ. ಆಹಾರದ ಕಸ ತಿನ್ನಿಸಿ ಹುಳು ಬೆಳೆಸು, ಹುಳುವನ್ನು ಕೋಳಿಗೂ ಮೀನಿಗೂ ಮೇವು ಮಾಡು, ಉಳಿದ ಹಿಕ್ಕೆಯನ್ನು ಹೊಲಕ್ಕೆ ಹಾಕು. ಕೇಳಲು ಎಷ್ಟು ಚೆಂದ ಅಲ್ವಾ? ಹುಳು ಮಾಡುವ ಕೆಲಸ ನಿಜಕ್ಕೂ ಚೆಂದವೇ. ತೊಡಕು ಇರುವುದು ಹುಳುವಿನಲ್ಲಿ ಅಲ್ಲ, ಅದರ ಮುಂದೆ ನಾವು ಏನನ್ನು ಇಡುತ್ತೇವೆ ಎಂಬುದರಲ್ಲಿ.

ಒಂದು ಟ್ರೇಯ ಲೆಕ್ಕ

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಹೆಣ್ಣು ನೊಣ ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಕೊಳೆತ ಪದಾರ್ಥದ ಮೇಲೆ ಅಲ್ಲ, ಅದರ ಹತ್ತಿರದ ಒಣ ಸಂದಿಯಲ್ಲಿ. ಹಾಗಾಗಿ ಸಾಕುವವರು ವಾಸನೆ ಬರುವ ಕಸದ ಮೇಲೆ ಮರದ ತೆಳು ಪಟ್ಟಿಗಳನ್ನೋ ರಟ್ಟಿನ ತುಂಡುಗಳನ್ನೋ ಕಟ್ಟಿ ಇಟ್ಟಿರುತ್ತಾರೆ. ನೊಣ ಆ ಸಂದಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆ ಎಷ್ಟು ಸಣ್ಣದು ಎಂದರೆ ಒಂದು ಗ್ರಾಂ ತೂಗಲು ಹೆಚ್ಚುಕಡಿಮೆ 40,000 ಮೊಟ್ಟೆ ಬೇಕು. ಮೂರ್ನಾಲ್ಕು ದಿನದಲ್ಲಿ ಒಡೆದು ಹೊರಬರುವ ಮರಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಎರಡು ಮೂರು ವಾರದಲ್ಲಿ ಅದೇ ಮರಿ ಹೆಬ್ಬೆರಳ ಉಗುರಿಗಿಂತ ಉದ್ದವಾಗಿ, ಹುಟ್ಟಿದಾಗಿನ ತೂಕದ ಹಲವು ಸಾವಿರ ಪಟ್ಟು ತೂಗುತ್ತದೆ.

ಸಾಕಣೆಯಲ್ಲಿ ಕಷ್ಟದ ಭಾಗ ಕಸ ತಿನ್ನಿಸುವುದಲ್ಲ, ನೊಣಗಳ ಸಂಸಾರ ನಡೆಸುವುದು. ಬಿಸಿಲಿನಂಥ ಬೆಳಕಿಲ್ಲದಿದ್ದರೆ ಅವು ಜೋಡಿಯಾಗುವುದಿಲ್ಲ. ಚಳಿ ದೇಶಗಳ ಕಾರ್ಖಾನೆಗಳಲ್ಲಿ ಇದಕ್ಕೆಂದೇ ವಿಶೇಷ ದೀಪ ಹಾಕುತ್ತಾರೆ. ಈ ವಿಷಯದಲ್ಲಿ ತುಂಬಾ ಕೆಲಸ ಮಾಡಿರುವ ಸ್ವಿಟ್ಜರ್ಲೆಂಡಿನ ಈವಾಗ್ ಸಂಸ್ಥೆ 2017ರಲ್ಲಿ ಒಂದು ಕೈಪಿಡಿ ಹೊರತಂದಿತು. ಅದರಲ್ಲಿ ಕೋಶದಿಂದ ಹೊರಬರುವ ನೊಣಗಳನ್ನು ಇಡುವ ಜಾಗಕ್ಕೆ ‘ಕತ್ತಲೆ ಪಂಜರ’ ಎಂದೂ, ಬೆಳಕಿನಲ್ಲಿ ಜೋಡಿಯಾಗಲು ಬಿಡುವ ಬಲೆಗೆ ‘ಪ್ರೇಮ ಪಂಜರ’ ಎಂದೂ ಹೆಸರು. ವಿಜ್ಞಾನಿಗಳಿಗೂ ತಮಾಷೆ ಗೊತ್ತು.

ಆ ಕೈಪಿಡಿ ಇಂಡೊನೇಷ್ಯಾದಲ್ಲಿ ನಡೆಸಿದ ಪ್ರಯೋಗದಿಂದ ಹುಟ್ಟಿದ್ದು. ಅದರ ಲೆಕ್ಕ ಸರಳವಾಗಿದೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಒಂದು ಪ್ಲಾಸ್ಟಿಕ್ ಕ್ರೇಟು. ಅದಕ್ಕೆ ಐದು ದಿನದ 10,000 ಮರಿಗಳು. ಹನ್ನೆರಡು ದಿನದಲ್ಲಿ ಕಂತು ಕಂತಾಗಿ 15 ಕೆ.ಜಿ. ಹಸಿ ಕಸ. ಅಷ್ಟೇ. ಹನ್ನೆರಡನೇ ದಿನ ಕ್ರೇಟು ಜರಡಿ ಹಿಡಿದರೆ ಮೇಲೆ ಕೊಬ್ಬಿದ ಹುಳು, ಕೆಳಗೆ ಕಂದು ಬಣ್ಣದ ಉದುರು ಹಿಕ್ಕೆ.

ಈಗ ಇದನ್ನು ಸ್ವಲ್ಪ ಬಿಡಿಸಿ ನೋಡಿ. 15 ಕೆ.ಜಿ. ಹಸಿಕಸದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬರೀ ನೀರು. ಒಣಗಿಸಿದರೆ ಉಳಿಯುವುದು ಸುಮಾರು 3 ಕೆ.ಜಿ. ಅದರಲ್ಲಿ ಹುಳುವಿನ ಮೈ ಸೇರುವುದು ಹೆಚ್ಚುಕಡಿಮೆ ಐದನೇ ಒಂದು ಪಾಲು. ಅಂದರೆ ಒಣ ಹುಳು 600 ಗ್ರಾಂ ಆಸುಪಾಸು. ಒಣ ಹುಳುವಿನಲ್ಲಿ ಶೇ. 40ರಷ್ಟು ಪ್ರೋಟೀನ್, ಶೇ. 30ರಷ್ಟು ಕೊಬ್ಬು ಎಂದು ಹಿಡಿದರೆ ಒಂದು ಕ್ರೇಟಿಗೆ ಕಾಲು ಕೆ.ಜಿ. ಪ್ರೋಟೀನ್ ಸಿಕ್ಕಿತು. ಉಳಿದದ್ದು ಎಲ್ಲಿ ಹೋಯಿತು? ನೀರು ಆವಿಯಾಯಿತು. ಒಂದಷ್ಟು ಇಂಗಾಲವನ್ನು ಹುಳುಗಳು ಉಸಿರಾಗಿ ಬಿಟ್ಟವು. ಇನ್ನೊಂದಷ್ಟು ಹಿಕ್ಕೆಯಾಯಿತು.

ಈ ಕಾಲು ಕೆ.ಜಿ.ಯಲ್ಲೂ ಒಂದು ಕಳ್ಳಲೆಕ್ಕ ಇದೆ. ಪ್ರೋಟೀನ್ ಅಳೆಯುವ ರೂಢಿಯ ವಿಧಾನ ಎಂದರೆ ಸಾರಜನಕ ಎಷ್ಟಿದೆ ನೋಡಿ ಅದನ್ನು 6.25ರಿಂದ ಗುಣಿಸುವುದು. ಆದರೆ ಹುಳುವಿನ ಚರ್ಮದಲ್ಲಿರುವ ಕೈಟಿನ್‌ನಲ್ಲೂ ಸಾರಜನಕ ಇದೆ, ಅದು ಪ್ರೋಟೀನ್ ಅಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಡೀ ಹುಳುವಿಗೆ 4.76ರಿಂದ ಗುಣಿಸುವುದು ಸರಿ ಎಂದು ತೋರಿಸಿತು. ಆ ಲೆಕ್ಕ ಹಿಡಿದರೆ ಪೊಟ್ಟಣದ ಮೇಲಿನ ಶೇ. 40 ಎಂಬುದು ಶೇ. 30ರ ಹತ್ತಿರಕ್ಕೆ ಇಳಿಯುತ್ತದೆ. ಜಾಹೀರಾತುಗಳಲ್ಲಿ ಹಳೆಯ ಗುಣಕವೇ ಜಾಸ್ತಿ ಕಾಣುವುದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಹುಳುವಿನ ವೇಗವನ್ನು ಹೊಗಳದಿದ್ದರೆ ಅನ್ಯಾಯ. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಆಗ ದೊಡ್ಡ ಸುದ್ದಿಯಾಗಿತ್ತು. 10,000 ಹುಳುಗಳು 16 ಇಂಚಿನ ಒಂದು ಪಿಜ್ಜಾವನ್ನು ಎರಡು ಗಂಟೆಯಲ್ಲಿ ಮುಗಿಸಿದವು. ಹೇಗೆ ಎಂಬುದು ಇನ್ನೂ ಸೊಗಸು. ಒಂದೊಂದು ಹುಳು ಒಂದು ಸಲಕ್ಕೆ ತಿನ್ನುವುದು ಐದೇ ನಿಮಿಷದಷ್ಟು. ಆಮೇಲೆ ಸುಮ್ಮನೆ ಸುಧಾರಿಸಿಕೊಳ್ಳುತ್ತದೆ. ಅದು ಜಾಗ ಬಿಡದೆ ಅಡ್ಡ ಕೂತರೆ ಹಿಂದಿನವು ಬಿಡುತ್ತವೆಯೇ? ಅಡಿಯಿಂದ ನುಗ್ಗಿ, ಕೂತವನ್ನು ಮೇಲಕ್ಕೆ ತಳ್ಳಿ, ಕಾರಂಜಿಯ ನೀರಿನ ಹಾಗೆ ಆಚೆ ಚೆಲ್ಲುತ್ತವೆ. ಕೆಳಗಿಂದ ಹಸಿದವು ಒಳಗೆ, ಮೇಲಿಂದ ತಿಂದವು ಹೊರಗೆ. ಊಟದ ಪಂಕ್ತಿಯಲ್ಲಿ ಎದ್ದೇಳದವರನ್ನು ಏನು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಹೀಗೆ ಒತ್ತೊತ್ತಾಗಿ ಹೊರಳಾಡಿದಾಗ ಕ್ರೇಟು ಬಿಸಿಯಾಗುತ್ತದೆ. ಕೈ ಇಟ್ಟರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಕಸದ ಪದರ ದಪ್ಪವಾಗಿದ್ದರೆ ಶಾಖ 40 ಡಿಗ್ರಿ ದಾಟುತ್ತದೆ, ಆಗ ಹುಳುಗಳು ತಿನ್ನುವುದು ಬಿಟ್ಟು ಗೋಡೆ ಹತ್ತಿ ಓಡತೊಡಗುತ್ತವೆ. ಪ್ರಯೋಗಾಲಯದ ಒಂದು ಕ್ರೇಟಿನಲ್ಲಿ ಚೆನ್ನಾಗಿ ನಡೆದದ್ದು ಕಾರ್ಖಾನೆಯ ಲಕ್ಷ ಕ್ರೇಟುಗಳಲ್ಲಿ ಕೈಕೊಡುವುದು ಬಹಳ ಸಲ ಇಲ್ಲೇ. ಗಾಳಿ ಆಡಿಸಬೇಕು, ತೇವ ಕಾಯಬೇಕು, ಅಮೋನಿಯಾ ವಾಸನೆ ಹೊರಗೆ ಕಳಿಸಬೇಕು. ಎಲ್ಲಕ್ಕೂ ಕರೆಂಟು ಬೇಕು.

ಕಸ ಯಾಕೆ ಹುಳುವಿಗೆ ಸಿಗುವುದಿಲ್ಲ

ಕಸಕ್ಕಂತೂ ಬರವಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ. 60 ಮನೆಗಳಿಂದಲೇ ಬಂದದ್ದು. ಅಂಗಡಿ, ಹೋಟೆಲು, ಮನೆ ಸೇರಿ ಬಳಕೆಗೆ ಬಂದ ಆಹಾರದಲ್ಲಿ ಸುಮಾರು ಐದನೇ ಒಂದು ಪಾಲು ತಿಪ್ಪೆಗೆ. ತಿಪ್ಪೆಯ ಅಡಿಯಲ್ಲಿ ಗಾಳಿಯಾಡದೆ ಕೊಳೆತಾಗ ಹುಟ್ಟುವ ಮೀಥೇನ್, 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿದಿಡುತ್ತದೆ. ಆ ಕಸ ಹುಳುವಿನ ಬಾಯಿಗೆ ಹೋದರೆ ಎರಡು ವಾರದೊಳಗೆ ಮುಗಿಯುತ್ತದೆ, ಮೀಥೇನ್ ಹುಟ್ಟುವಷ್ಟು ಹೊತ್ತು ಕೊಳೆಯುವುದೇ ಇಲ್ಲ. ಎರೆಹುಳುವಿಗೆ ಎಣ್ಣೆ, ಮಾಂಸ, ಹುಳಿ ಹಣ್ಣಿನ ಸಿಪ್ಪೆ ಆಗಿಬರುವುದಿಲ್ಲ. ಈ ನೊಣದ ಮರಿಗೆ ಆ ಮಡಿ ಇಲ್ಲ. ಬೇಯಿಸಿದ್ದು, ಹಳಸಿದ್ದು, ಮೀನಿನ ತಲೆ, ಎಲ್ಲವೂ ನಡೆಯುತ್ತದೆ. ನಾರು ಜಾಸ್ತಿ ಇರುವ ಹುಲ್ಲು, ಒಣ ಎಲೆ, ಗಟ್ಟಿ ಸಿಪ್ಪೆ ಮಾತ್ರ ಅದರಿಂದ ಕರಗುವುದಿಲ್ಲ.

ಹಾಗಾದರೆ ಕಸ ಒಂದು ಕಡೆ, ಹಸಿದ ಹುಳು ಇನ್ನೊಂದು ಕಡೆ. ನಡುವೆ ಏನು ಅಡ್ಡ? ಕಾನೂನು. ಅದೂ ಸುಮ್ನೆ ಬಂದ ಕಾನೂನಲ್ಲ.

ಎರಡು ಕಹಿ ಅನುಭವಗಳು ಅದರ ಹಿಂದಿವೆ. ಒಂದು, ಹುಚ್ಚು ಹಸು ರೋಗ. ದನಗಳ ಮೂಳೆ ಮಾಂಸದ ಪುಡಿಯನ್ನೇ ದನಗಳಿಗೆ ತಿನ್ನಿಸಿದ್ದರಿಂದ ಹರಡಿದ್ದು. ಅದರ ನಂತರ 2001ರಲ್ಲಿ ಯುರೋಪಿಯನ್ ಒಕ್ಕೂಟ ಸಾಕುಪ್ರಾಣಿಗಳಿಗೆ ಪ್ರಾಣಿ ಮೂಲದ ಪ್ರೋಟೀನ್ ಪುಡಿ ಹಾಕುವುದಕ್ಕೇ ತಡೆ ಹಾಕಿತು. ಎರಡು, ಅದೇ ವರ್ಷ ಬ್ರಿಟನ್ನಿನಲ್ಲಿ ಕಾಣಿಸಿಕೊಂಡ ಕಾಲುಬಾಯಿ ರೋಗ. ಸರಿಯಾಗಿ ಬೇಯಿಸದ ಹೋಟೆಲು ಮುಸುರೆಯನ್ನು ಹಂದಿಗಳಿಗೆ ಹಾಕಿದ ಒಂದು ಫಾರಂನಿಂದ ಶುರುವಾಯಿತು ಎಂದು ತನಿಖೆ ಹೇಳಿತು. ಕೊಂದ ಪ್ರಾಣಿಗಳು 60 ಲಕ್ಷಕ್ಕೂ ಹೆಚ್ಚು. ಅಲ್ಲಿಗೆ ಮುಸುರೆ ಹಾಕುವುದೇ ನಿಷೇಧವಾಯಿತು.

ಪ್ರಾಣಿ ಪ್ರೋಟೀನಿನ ಮೇಲಿನ ಯುರೋಪಿನ ತಡೆಯನ್ನು ಹುಳುಗಳಿಗಾಗಿ ಒಂದೊಂದೇ ಗೇಣು ಸಡಿಲಿಸಿದರು. 2017ರಲ್ಲಿ ಮೀನು ಸಾಕಣೆಗೆ ಹುಳುಪುಡಿ ಬಳಸಬಹುದು ಎಂದಾಯಿತು. 2021ರಲ್ಲಿ ಕೋಳಿಗೂ ಹಂದಿಗೂ. ಅಮೆರಿಕದಲ್ಲಿ ಸಾಲ್ಮನ್ ಜಾತಿಯ ಮೀನುಗಳಿಗೆ 2016ರಲ್ಲಿ, ಕೋಳಿಗೆ 2018ರಲ್ಲಿ ಹಸಿರು ನಿಶಾನೆ ಸಿಕ್ಕಿತು. ಆದರೆ ಯುರೋಪಿನ ನಿಯಮದಲ್ಲಿ ಒಂದು ಮಾತು ಹಾಗೇ ಉಳಿದಿದೆ. ಸಾಕಿದ ಹುಳುವೂ ‘ಸಾಕುಪ್ರಾಣಿ’. ಹಸುವಿಗೆ ಏನು ಹಾಕಬಾರದೋ ಹುಳುವಿಗೂ ಅದನ್ನು ಹಾಕಬಾರದು. ಹೋಟೆಲು ಕಸ ಇಲ್ಲ, ಅಡುಗೆಮನೆಯ ಕಸ ಇಲ್ಲ, ಸಗಣಿ ಗೊಬ್ಬರ ಇಲ್ಲ.

ಅಲ್ಲಿಗೆ ಏನಾಯಿತು ನೋಡಿ. ಹುಳುವಿನ ಹೆಚ್ಚುಗಾರಿಕೆ ಇರುವುದೇ ಯಾರಿಗೂ ಬೇಡವಾದದ್ದನ್ನು ತಿನ್ನುವುದರಲ್ಲಿ. ಕಾನೂನು ಅದನ್ನೇ ತಿನ್ನಬೇಡ ಎನ್ನುತ್ತದೆ. ತಿನ್ನಬಹುದಾದದ್ದು ಯಾವುದು? ಗೋಧಿ ತೌಡು, ಬ್ರೂವರಿಯಲ್ಲಿ ಉಳಿಯುವ ಧಾನ್ಯದ ಚರಟ, ತರಕಾರಿ ಹಣ್ಣಿನ ಉಳಿಕೆ, ಪಿಷ್ಟದ ಕಾರ್ಖಾನೆಯ ಗಸಿ. ಇವುಗಳಲ್ಲಿ ಬಹುಪಾಲನ್ನು ಕೊಳ್ಳಲು ದನ ಸಾಕುವವರು, ಹಂದಿ ಸಾಕುವವರು ಈಗಾಗಲೇ ಸಾಲುಗಟ್ಟಿ ನಿಂತಿದ್ದಾರೆ. ಹಸು ನೇರವಾಗಿ ತಿನ್ನುವ ತೌಡನ್ನು ಹುಳುವಿಗೆ ತಿನ್ನಿಸಿ, ಐದರಲ್ಲಿ ನಾಲ್ಕು ಪಾಲು ದಾರಿಯಲ್ಲಿ ಕಳೆದು, ಉಳಿದದ್ದನ್ನು ಕರೆಂಟು ಸುಟ್ಟು ಒಣಗಿಸಿ, ಕೋಳಿಗೆ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಬೇಕು. ಹುಳು ಪ್ರೋಟೀನನ್ನು ಹೊಸದಾಗಿ ಹುಟ್ಟಿಸುತ್ತದೆ ಎಂಬಂತೆ ಬಹಳ ಜನ ಬರೆಯುತ್ತಾರೆ. ಗಾಳಿಯಿಂದ ಸಾರಜನಕ ಎಳೆದು ಮಣ್ಣಿಗೆ ಕೊಡಲು ಅದೇನು ದ್ವಿದಳ ಗಿಡವಲ್ಲ. ಕಸದಲ್ಲಿ ಚೆಲ್ಲಾಪಿಲ್ಲಿಯಾಗಿ, ನೀರಿನಲ್ಲಿ ನೆನೆದು, ಕೊಳೆಯುತ್ತ ಇದ್ದ ಪ್ರೋಟೀನನ್ನು ಗುಡಿಸಿ ಒಂದು ಮೈಯೊಳಗೆ ತುಂಬಿಕೊಳ್ಳುತ್ತದೆ. ಅದು ದೊಡ್ಡ ಕೆಲಸವೇ. ಆದರೆ ಚೆಲ್ಲಿದ್ದನ್ನು ಗುಡಿಸಿದರೆ ಲಾಭ. ಮೊದಲೇ ಡಬ್ಬಿಯಲ್ಲಿ ಶುಚಿಯಾಗಿದ್ದದ್ದನ್ನು ಸುರಿದು ಮತ್ತೆ ಗುಡಿಸಿದರೆ?

ಇನ್ನೊಂದು ದಾರಿಯೂ ಇದೆ, ಅದನ್ನು ಹುಳುವಿನ ಅಭಿಮಾನಿಗಳು ಅಷ್ಟಾಗಿ ಎತ್ತುವುದಿಲ್ಲ. ಜಪಾನಿನಲ್ಲಿ ಆಹಾರ ಮರುಬಳಕೆ ಕಾಯ್ದೆ 2001ರಿಂದ ಜಾರಿಯಲ್ಲಿದೆ. ಅಲ್ಲಿ ಆಹಾರ ಕಾರ್ಖಾನೆ, ಅಂಗಡಿಗಳ ಉಳಿಕೆಯನ್ನು ಬೇರ್ಪಡಿಸಿ, ಬಿಸಿಮಾಡಿ, ‘ಇಕೋಫೀಡ್’ ಎಂಬ ಹೆಸರಿನಲ್ಲಿ ಹಂದಿಗಳಿಗೆ ಹಾಕುತ್ತಾರೆ. ನಡುವೆ ಹುಳುವಿನ ಮೆಟ್ಟಿಲೇ ಇಲ್ಲ. ಹಂದಿ ತಿನ್ನಲಾಗುವ ಮಟ್ಟಕ್ಕೆ ಕಸ ಚೊಕ್ಕಟವಾಗಿದ್ದರೆ ಅದೇ ಸರಿಯಾದ ದಾರಿ ಎಂದು ನನಗೂ ಅನ್ನಿಸುತ್ತದೆ. ಹುಳುವಿನ ಸರದಿ ಬರುವುದು ಅದಕ್ಕಿಂತ ಕೆಳಗಿನ ಕಸಕ್ಕೆ.

ದುಡ್ಡು ಸುರಿದವರ ಕಥೆ

ಫ್ರಾನ್ಸಿನ ಇನ್ಸೆಕ್ಟ್ ಎಂಬ ಕಂಪನಿ 2011ರಲ್ಲಿ ಶುರುವಾಯಿತು. ಅವರ ಹುಳು ಬೇರೆ, ಹಿಟ್ಟಿನ ಹುಳು ಅಂತಾರಲ್ಲ, ಆ ಮೀಲ್‌ವರ್ಮ್. 50 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಎತ್ತಿ, ಅಮಿಯಾಂ ನಗರದ ಹತ್ತಿರ ಭಾರೀ ಎತ್ತರದ ಸ್ವಯಂಚಾಲಿತ ಕಾರ್ಖಾನೆ ಕಟ್ಟಿದರು. 2024ರ ಸೆಪ್ಟೆಂಬರಿನಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋದರು. 2025ರ ಕೊನೆಗೆ ಕಂಪನಿ ಮುಚ್ಚುವ ಹಂತಕ್ಕೆ ಬಂತು. ಹುಳು ಕೈಕೊಟ್ಟಿತು ಎನ್ನುವವರಿದ್ದಾರೆ. ನನ್ನ ಪ್ರಕಾರ ಕೈಕೊಟ್ಟದ್ದು ಲೆಕ್ಕಾಚಾರ. ದುಡ್ಡು ಕೊಟ್ಟು ಮೇವು ಕೊಂಡು ಹುಳು ಸಾಕಿ, ಸೋಯಾ ಹಿಂಡಿ ಮತ್ತು ಮೀನಿನ ಪುಡಿಯ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಬೇಕಿತ್ತು. ಹುಳುಪುಡಿ ಇವತ್ತಿಗೂ ಅವೆರಡಕ್ಕಿಂತ ದುಬಾರಿ. ಕಡೆಕಡೆಗೆ ಅವರು ಹೆಚ್ಚು ಬೆಲೆ ಕೊಡುವ ಸಾಕುನಾಯಿ, ಬೆಕ್ಕುಗಳ ಆಹಾರದ ಕಡೆ ತಿರುಗಿದ್ದರು. ಜಗತ್ತಿನ ಹಸಿವು ನೀಗಿಸಲು ಹೊರಟ ಹುಳು ನಾಯಿಯ ಬಿಸ್ಕತ್ತಾಯಿತು.

ಹುಳು ಸಾಕಣೆಯ ಇದೇ ಲೆಕ್ಕ ಬೇರೆ ಕಡೆ ಬೇರೆ ಥರ ಕೂಡಿಬರುತ್ತದೆ. ನೈರೋಬಿಯಲ್ಲಿ ಸ್ಯಾನರ್ಜಿ ಎಂಬ ಸಂಸ್ಥೆ ಒಳಚರಂಡಿ ಇಲ್ಲದ ಕೊಳೆಗೇರಿಗಳಲ್ಲಿ ಡಬ್ಬಿ ಕಟ್ಟಿದ ಶೌಚಾಲಯಗಳನ್ನು ನಡೆಸಿತು. ತುಂಬಿದ ಡಬ್ಬಿ ಒಯ್ದು, ಮಲವನ್ನೂ ಅಡುಗೆ ಕಸವನ್ನೂ ಕಪ್ಪು ಸೈನಿಕ ನೊಣದ ಮರಿಗಳಿಗೆ ಹಾಕಿ, ಹುಳುವನ್ನು ಮೇವಿಗೂ ಹಿಕ್ಕೆಯನ್ನು ಗೊಬ್ಬರಕ್ಕೂ ಬಳಸಿತು. ಅಲ್ಲಿ ಹುಳು ಮಾಡಿದ ಮೊದಲ ಕೆಲಸ ಪ್ರೋಟೀನ್ ಕೊಡುವುದಲ್ಲ. ಕಾಲುವೆಗೆ ಸೇರಿ ಕಾಯಿಲೆ ತರಬಹುದಾಗಿದ್ದ ಹೊಲಸನ್ನು ಇಲ್ಲವಾಗಿಸುವುದು. ಚೀನಾದ ಜಿನಾನ್ ನಗರದಲ್ಲಂತೂ 2018ರ ಹೊತ್ತಿಗೆ ದಿನಕ್ಕೆ 50 ಟನ್ ಅಡುಗೆ ಕಸ ತಿನ್ನಲು ನೂರು ಕೋಟಿ ಜಿರಳೆಗಳನ್ನು ಸಾಕಿದ್ದರು! ನೊಣದ ಮರಿ ಎಷ್ಟೋ ವಾಸಿ ಅನ್ನಿಸುತ್ತದೆ ಅಲ್ವಾ? ಫ್ರಾನ್ಸಿನಲ್ಲೇ ನೆಲ್ ಎಂಬಲ್ಲಿ ಇನ್ನೋವಾಫೀಡ್ ಕಂಪನಿ ತನ್ನ ನೊಣದ ಕಾರ್ಖಾನೆಯನ್ನು ಪಿಷ್ಟ ಕಾರ್ಖಾನೆಯ ಪಕ್ಕದಲ್ಲೇ ಕಟ್ಟಿತು. ಪಕ್ಕದ ಮನೆಯ ಒದ್ದೆ ಗಸಿ ಲಾರಿ ಹತ್ತದೆ ನೇರವಾಗಿ ಹುಳುವಿಗೆ ಬರಲಿ ಎಂಬ ಲೆಕ್ಕ. ಮುಕ್ಕಾಲು ಪಾಲು ನೀರಿರುವ ಪದಾರ್ಥವನ್ನು ದೂರ ಸಾಗಿಸುವುದು ಎಂದರೆ ಡೀಸೆಲ್ ಸುಟ್ಟು ನೀರು ಹೊತ್ತ ಹಾಗೆ. ಈ ಒಂದು ಅಂಶ ಬಹಳ ಯೋಜನೆಗಳ ಹಣೆಬರಹ ಬರೆಯುತ್ತದೆ.

ಇದೆಲ್ಲ ನೋಡಿದರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಹುಳು ಸಾಕುವವರಿಗೆ ದುಡ್ಡು ಎಲ್ಲಿಂದ ಬರಬೇಕು? ಹುಳು ಮಾರಿದ್ದರಿಂದಲೇ ಬರಬೇಕು ಎಂದರೆ ಸೋಯಾ ಮುಂದೆ ನಿಲ್ಲುವುದು ಕಷ್ಟ. ಕಸ ಒಯ್ದು ವಿಲೇವಾರಿ ಮಾಡಿದ್ದಕ್ಕೆ ಟನ್ನಿಗಿಷ್ಟು ಎಂದು ಕೂಲಿ ಬಂದರೆ, ಹುಳುವೂ ಹಿಕ್ಕೆಯೂ ಮೇಲಿನ ಗಳಿಕೆ. ನಾನು ಈ ಎರಡನೆಯ ಲೆಕ್ಕದ ಪರ. ಇದನ್ನು ಪ್ರೋಟೀನ್ ಉದ್ಯಮ ಎಂದು ಕರೆಯುವುದು ಬಿಟ್ಟು ಕಸ ವಿಲೇವಾರಿ ಕೆಲಸ ಎಂದು ಕರೆದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಬಂಡವಾಳ ಹಾಕುವವರಿಗೆ ಮಾತ್ರ ಆ ಹೆಸರು ಅಷ್ಟು ರುಚಿಸುವುದಿಲ್ಲ.

ಕೂಲಿ ಬರಬೇಕಾದರೂ ಮೊದಲು ಕಸ ಬೇರೆಯಾಗಿರಬೇಕು. ದಕ್ಷಿಣ ಕೊರಿಯಾ 2005ರಲ್ಲಿ ಆಹಾರದ ಕಸವನ್ನು ನೇರವಾಗಿ ತಿಪ್ಪೆಗೆ ಸುರಿಯುವುದನ್ನು ನಿಷೇಧಿಸಿತು. 2013ರಿಂದ ಎಸೆದಷ್ಟಕ್ಕೆ ದುಡ್ಡು ಕಟ್ಟುವ ಪದ್ಧತಿ ತಂದಿತು. ಅಂಥ ಕಡೆ ಹುಳುವೋ ಕಾಂಪೋಸ್ಟೋ ಜೈವಿಕ ಅನಿಲವೋ, ಏನಾದರೂ ಆದೀತು. ಪ್ಲಾಸ್ಟಿಕ್ ಕವರು, ಬಾಟಲಿ ಮುಚ್ಚಳ, ಬ್ಯಾಟರಿ ಎಲ್ಲ ಬೆರೆತ ಕಸದಲ್ಲಿ ಹುಳು ತಾನು ತಿನ್ನುವುದನ್ನು ತಿಂದು ಉಳಿದದ್ದನ್ನು ಬಿಡುತ್ತದೆ. ಆ ಉಳಿದದ್ದು ಹಿಕ್ಕೆಯಲ್ಲಿ ಚೂರು ಚೂರಾಗಿ ಹೊಲಕ್ಕೆ ಹೋಗುತ್ತದೆ.

ಹುಳುವಿನ ಹೊಟ್ಟೆ ಏನನ್ನು ತಡೆಯುತ್ತದೆ, ಏನನ್ನು ಬಿಡುತ್ತದೆ

ಕಾನೂನಿನ ಭಯಕ್ಕೆ ಎಷ್ಟು ಆಧಾರ ಇದೆ ಎಂಬುದನ್ನೂ ನೋಡಬೇಕು. ಹುಳುವಿನ ಕರುಳಿನ ನಡುಭಾಗ ನಮ್ಮ ಜಠರದಷ್ಟೇ ಹುಳಿ, ಪಿಎಚ್ 2ರ ಹತ್ತಿರ. ಕೊಳೆತದ್ದರ ನಡುವೆಯೇ ಬಾಳುವ ಜೀವಿ ಆದ್ದರಿಂದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಸಣ್ಣ ಪ್ರೋಟೀನುಗಳಿಗೆ ಇದರಲ್ಲಿ 50ಕ್ಕೂ ಹೆಚ್ಚು ಜೀನುಗಳಿವೆ. ಕೋಳಿ ಗೊಬ್ಬರದಲ್ಲಿ ಈ ಹುಳು ಬಿಟ್ಟಾಗ ಇ. ಕೋಲಿ, ಸಾಲ್ಮೊನೆಲ್ಲಾ ಎರಡೂ ಇಳಿದದ್ದನ್ನು ಸಂಶೋಧಕರು 2004ರಲ್ಲೇ ತೋರಿಸಿದ್ದರು. ಇಳಿಯುವುದು ಬೇರೆ, ಇಲ್ಲವಾಗುವುದು ಬೇರೆ. ಹಾಗಾಗಿ ಹುಳುವನ್ನು ಕುದಿನೀರಿನಲ್ಲಿ ಅದ್ದುವ, ಬಿಸಿ ಗಾಳಿಯಲ್ಲಿ ಒಣಗಿಸುವ ಹಂತ ತಪ್ಪಿಸುವ ಹಾಗಿಲ್ಲ. ಯುರೋಪಿನಲ್ಲಿ ಹಿಕ್ಕೆಯನ್ನೂ 70 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿಮಾಡಬೇಕು ಎಂಬ ನಿಯಮ 2021ರಲ್ಲಿ ಬಂತು.

ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್ ವಿಷಯದಲ್ಲಿ ಸುದ್ದಿ ಒಳ್ಳೆಯದು. ಬೂಷ್ಟು ಹಿಡಿದ ಧಾನ್ಯ ತಿಂದರೂ ಅದು ಹುಳುವಿನ ಮೈಯಲ್ಲಿ ಕೂಡಿಕೊಳ್ಳುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಕೆಟ್ಟ ಸುದ್ದಿ ಕ್ಯಾಡ್ಮಿಯಂ. ಈ ಭಾರಲೋಹವನ್ನು ಹುಳು ಹೊರಹಾಕುವ ಬದಲು ಕೂಡಿಡುತ್ತದೆ. ಮೇವಿನಲ್ಲಿ ಇದ್ದದ್ದಕ್ಕಿಂತ ಮೈಯಲ್ಲಿ ಜಾಸ್ತಿ ಸಿಗುತ್ತದೆ. ಕುದಿಸಿದರೂ ಒಣಗಿಸಿದರೂ ಅದು ಹೋಗುವುದಿಲ್ಲ. ಹುಚ್ಚು ಹಸು ರೋಗಕ್ಕೆ ಕಾರಣವಾದ ಪ್ರಿಯಾನ್ ಕೂಡ ಮಾಮೂಲು ಶಾಖಕ್ಕೆ ಬಗ್ಗುವಂಥದ್ದಲ್ಲ. ಅಂದರೆ ಭಯ ಪೂರ್ತಿ ಸುಳ್ಳಲ್ಲ. ಆದರೆ ಮನೆಯ ಅನ್ನ ಪಲ್ಯದ ಉಳಿಕೆಗೂ ಕೈಗಾರಿಕೆಯ ಕೊಳೆಗೂ ಒಂದೇ ಬೇಲಿ ಹಾಕಿದ್ದು ಅತಿಯಾಯಿತು ಎಂದು ನನಗನ್ನಿಸುತ್ತದೆ. ಯಾವ ಕಸ ತಿಂದ ಹುಳು ಎಲ್ಲಿಗೆ ಹೋಗಬೇಕು ಎಂದು ದಾರಿ ವಿಂಗಡಿಸಬಹುದು. ಚೊಕ್ಕಟ ಕಸದ ಹುಳು ಕೋಳಿಗೆ, ಮೀನಿಗೆ. ಅನುಮಾನದ ಕಸದ ಹುಳುವಿನ ಕೊಬ್ಬು ಸಾಬೂನಿಗೆ, ಇಂಧನಕ್ಕೆ. ಆ ಕೊಬ್ಬಿನಲ್ಲಿ ದೊಡ್ಡ ಪಾಲು ಲಾರಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಜಾಸ್ತಿ ಇರುವುದೂ ಅದೇ, ಸಾಬೂನಿಗೆ ಬೇಕಾಗಿರುವುದೂ ಅದೇ.

ಮನುಷ್ಯರ ಊಟದ ಮಾತು? ಯುರೋಪಿಯನ್ ಒಕ್ಕೂಟ 2021ರಲ್ಲಿ ಮೀಲ್‌ವರ್ಮ್‌ಗೆ ಒಪ್ಪಿಗೆ ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಈ ಲೇಖನದ ಹುಳು ಅದಲ್ಲ. ಸಿಗಡಿ ತಿಂದರೆ ಮೈ ತುರಿಸುವವರಿಗೆ ಹುಳು ತಿಂದರೂ ತುರಿಸಬಹುದು, ಎರಡರಲ್ಲೂ ಟ್ರೋಪೊಮಯೋಸಿನ್ ಎಂಬ ಒಂದೇ ಬಗೆಯ ಪ್ರೋಟೀನ್ ಇದೆ. ಸದ್ಯಕ್ಕೆ ಇಷ್ಟು ಸಾಕು.

ಹಿಕ್ಕೆಯ ಬಗ್ಗೆ ಮಾತ್ರ ಇನ್ನೊಂದು ಮಾತು ಹೇಳಲೇಬೇಕು. ಹುಳುವಿನ ಗದ್ದಲದಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕಸದಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್‌ನ ದೊಡ್ಡ ಪಾಲು ಹಿಕ್ಕೆಯಲ್ಲೇ ಉಳಿಯುತ್ತದೆ. ಜೊತೆಗೆ ಹುಳು ಕಳಚಿದ ಪೊರೆಗಳೂ ಸೇರಿರುತ್ತವೆ. ಆದರೆ ಹೊಸ ಹಿಕ್ಕೆಯನ್ನು ಹಾಗೇ ಸಸಿಯ ಬುಡಕ್ಕೆ ಹಾಕಿದರೆ ಬೇರು ಸುಡಬಹುದು. ಎರಡು ವಾರದಲ್ಲಿ ಮುಗಿದ ಕೆಲಸ ಅಲ್ಲವೇ, ಗೊಬ್ಬರ ಇನ್ನೂ ಮಾಗಿರುವುದಿಲ್ಲ. ಅಮೋನಿಯಾ ಜಾಸ್ತಿ ಇರುತ್ತದೆ. ಕೆಲವು ವಾರ ರಾಶಿ ಹಾಕಿ ಆರಲು ಬಿಡಬೇಕು. ಹದಿನೈದೇ ದಿನದಲ್ಲಿ ಗೊಬ್ಬರ ಎಂದು ಹೇಳುವವರು ಈ ವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಂದೆ ಯಾವುದಾದರೂ ಹುಳು ಯೋಜನೆಯ ಸುದ್ದಿ ಓದಿದಾಗ ಹುಳುವಿನ ಚಿತ್ರ ಬಿಟ್ಟು ಇನ್ನೆರಡು ಸಾಲು ಹುಡುಕಿ. ಹುಳು ತಿನ್ನುವುದು ಏನನ್ನು, ಅದು ಎಷ್ಟು ದೂರದಿಂದ ಬರುತ್ತದೆ. ತೌಡು ಎಂದಿದ್ದರೆ ಅನುಮಾನಪಡಿ. ಬೇರ್ಪಡಿಸಿದ ಕಸ, ಪಕ್ಕದ ಬೀದಿಯದ್ದು ಎಂದಿದ್ದರೆ ಪೂರ್ತಿ ಓದಿ.

ಇನ್ನು ಆ ಕಾಂಪೋಸ್ಟ್ ಡಬ್ಬಿ. ಬಿಸಿನೀರು ಬೇಡ. ವಾಸನೆ ಬರುತ್ತಿದ್ದರೆ ಅದು ಹುಳುವಿನ ತಪ್ಪಲ್ಲ, ಡಬ್ಬಿ ಒದ್ದೆಯಾಗಿದೆ. ಒಂದೆರಡು ಹಿಡಿ ಒಣ ಎಲೆಯನ್ನೋ ಹರಿದ ರಟ್ಟನ್ನೋ ಸೇರಿಸಿ ಕೆದಕಿ. ಹುಳುಗಳು ಕೊಬ್ಬಿದ ಮೇಲೆ ಬಣ್ಣ ಕಪ್ಪಾಗುತ್ತದೆ, ಬಾಯಿ ಕಟ್ಟಿ ಊಟ ಬಿಡುತ್ತವೆ, ಹೊಟ್ಟೆ ಖಾಲಿ ಮಾಡಿಕೊಂಡು ಕೋಶ ಕಟ್ಟಲು ಒಣ ಜಾಗ ಹುಡುಕುತ್ತ ಮೇಲಕ್ಕೆ ಹತ್ತುತ್ತವೆ. ಡಬ್ಬಿಯ ಅಂಚಿಗೆ ಇಳಿಜಾರಾಗಿ ಒಂದು ಹಲಗೆ ಇಟ್ಟು ಅದರ ತುದಿಗೆ ಬಕೆಟ್ ಇಟ್ಟರೆ ತಾವಾಗಿಯೇ ನಡೆದು ಬಂದು ಬೀಳುತ್ತವೆ. ಸಾಕುವವರು ಎಷ್ಟೋ ಕಡೆ ಹುಳು ಕೊಯ್ಲು ಮಾಡುವುದು ಹೀಗೆಯೇ. ಹಲಗೆ ಇಡದಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಗೋಡೆಯ ಬುಡದಲ್ಲಿ ಕಪ್ಪಗಿನ ಒಂದೆರಡು ಹುಳು ಮೆಲ್ಲಗೆ ತೆವಳುತ್ತ ಕಾಣುತ್ತವೆ. ಊಟ ಮುಗಿಸಿ ಹೊರಟವು.